ಜತ್ತದ ದಾಳಿಂಬೆಗೂ ನಮ್ಮ ಅಡಿಕೆಗೂ ಯಂತ್ರದ ಕಾವಲು

ಮಹಾರಾಷ್ಟ್ರದ ಸಾಂಗ್ಲಿ ಜಿಲ್ಲೆಯ ಪೂರ್ವ ತುದಿಯಲ್ಲಿ ಜತ್ತ ಎಂಬ ತಾಲೂಕಿದೆ. ನಮ್ಮ ಓದುಗರಲ್ಲಿ ಹಿರಿಯರಾದವರಿಗೆ ಈ ಹೆಸರು ಅಪರಿಚಿತವಲ್ಲ. 1967ರ ಮಹಾಜನ ಆಯೋಗದ ವರದಿ ಚಂದ್ರಗಿರಿ ಹೊಳೆಯಿಂದ ಉತ್ತರದ ಕಾಸರಗೋಡನ್ನು ಕರ್ನಾಟಕಕ್ಕೆ ಸೇರಿಸಬೇಕೆಂದು ಹೇಳಿದಾಗ, ಅದೇ ವರದಿಯಲ್ಲಿ ಜತ್ತದ ಹಳ್ಳಿಗಳ ಹೆಸರೂ ಇತ್ತು. ಎರಡೂ ಕಡೆ ಆಗಬೇಕಾದದ್ದು ಆಗಲಿಲ್ಲ. ನಾವು ಮಲಯಾಳದ ನಡುವೆ ಉಳಿದೆವು, ಅವರು ಮರಾಠಿಯ ನಡುವೆ ಉಳಿದರು. 2022ರ ನವೆಂಬರಿನಲ್ಲಿ ಕರ್ನಾಟಕದ ಅಂದಿನ ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿಯವರು ಜತ್ತದ ಗ್ರಾಮಪಂಚಾಯತುಗಳ ಹಳೆಯ ಠರಾವಿನ ಮಾತೆತ್ತಿದಾಗ ಈ ಬರಗಾಲದ ಸೀಮೆ ಕೆಲವು ವಾರಗಳ ಮಟ್ಟಿಗೆ ಪತ್ರಿಕೆಗಳ ಮುಖಪುಟಕ್ಕೆ ಬಂದಿತ್ತು.

ಆದರೆ ಇಂದು ನಾವು ಬರೆಯಹೊರಟದ್ದು ಗಡಿಯ ವಿಚಾರವಲ್ಲ, ಕಾವಲಿನ ವಿಚಾರ. ಕಾವಲೆಂದ ಕೂಡಲೇ ಗಡಿಯ ವಿಚಾರ ಹಿಂಬಾಗಿಲಿನಿಂದ ಒಳಗೆ ಬರುತ್ತದೆ ಎಂಬುದನ್ನು ಮುಂದೆ ನೋಡೋಣ.

ಉಮದಿ, ಸಂಖ, ಮಾಡಗ್ಯಾಳ, ಗುಡ್ಡಾಪುರ ಮೊದಲಾದ ಹಳ್ಳಿಗಳ ಸುತ್ತ ಕಲ್ಲುನೆಲ, ಕುರಿಹಟ್ಟಿ, ಜೋಳದ ಹೊಲ. ವರ್ಷಕ್ಕೆ ಸುಮಾರು 500 ಮಿಲಿಮೀಟರಿನಷ್ಟು ಮಳೆ ಬಂದರೆ ಅದೇ ಹೆಚ್ಚು. ನಮ್ಮಲ್ಲಿ 3,000 ಮಿಲಿಮೀಟರನ್ನೂ ಮೀರಿ ಸುರಿಯುವ ಮಳೆಯನ್ನು ನೋಡಿದವರಿಗೆ ಆ ನೆಲದಲ್ಲಿ ಒಕ್ಕಲುತನ ಹೇಗೆ ಸಾಧ್ಯವೆಂದು ಆಶ್ಚರ್ಯವಾದೀತು. ಅಲ್ಲಿಯ ರೈತರು ಅದಕ್ಕೆ ಕಂಡುಕೊಂಡ ಉತ್ತರ ದಾಳಿಂಬೆ ಮತ್ತು ದ್ರಾಕ್ಷಿ. ಹನಿ ಹನಿಯಾಗಿ ನೀರುಣಿಸಿ, ಬರ ಬಿದ್ದರೆ ಟ್ಯಾಂಕರಿನಲ್ಲಿ ನೀರು ತಂದು ಬೆಳೆಸಿದ ಬೆಳೆ. ಗಿಡದಲ್ಲಿ ಹಣ್ಣು ಕೆಂಪಗಾಗಿ ನಿಂತ ಒಂದು ತಿಂಗಳು ವರ್ಷದ ಎಲ್ಲ ಸಾಲ, ಎಲ್ಲ ಆಸೆ ಬಯಲಲ್ಲಿ ತೂಗುತ್ತಿರುತ್ತವೆ. ಒಂದು ರಾತ್ರಿ ನಾಲ್ಕು ಜನ ಚೀಲ ಹಿಡಿದು ನುಗ್ಗಿದರೆ ಸಾಕು.

ಹಿಂದೆ ಇಂಥ ಹೊಲಗಳಲ್ಲಿ ಮಂಚಿಕೆ ಕಟ್ಟಿ, ಕಂದೀಲು ಇಟ್ಟು, ಕವಣೆ ಹಿಡಿದು ರಾತ್ರಿ ಕಾಯುವವರಿದ್ದರು. ಊರಿಗೆ ತಳವಾರನಿದ್ದ. ಮಹಾರಾಷ್ಟ್ರದ ಹಳ್ಳಿಗಳಲ್ಲಿ ಪೊಲೀಸ್ ಪಾಟೀಲರ ಹುದ್ದೆ ಇಂದಿಗೂ ಇದೆ. ಆದರೆ ಹೊಲದಲ್ಲಿ ರಾತ್ರಿ ಮಲಗುವ ಹುಡುಗರು ಈಗ ಊರಿನಲ್ಲಿಲ್ಲ, ಪುಣೆಯಲ್ಲಿದ್ದಾರೆ. ಈ ಮಾತು ನಮ್ಮ ಬದಿಯಡ್ಕ, ಪೆರ್ಲ, ಮುಳ್ಳೇರಿಯಗಳಿಗೂ ಅಷ್ಟೇ ಸತ್ಯ, ಊರಿನ ಹೆಸರು ಮಾತ್ರ ಬದಲಿಸಿಕೊಂಡರಾಯಿತು. ಅಂಗಳದಲ್ಲಿ ಹರಡಿದ ಚಾಲಿ ಅಡಿಕೆಯನ್ನು ಕಾಯಲು ಮನೆಯಲ್ಲಿ ಉಳಿದವರು ಇಬ್ಬರು ವೃದ್ಧರು. ಮಗ ದುಬಾಯಿಯಲ್ಲೋ ಬೆಂಗಳೂರಿನಲ್ಲೋ ಕುಳಿತು ಕೈಯಲ್ಲಿದ್ದ ಫೋನಿನಲ್ಲಿ ಅಂಗಳ ನೋಡುತ್ತಾನೆ.

ಬೆಳೆಗೆ ಬೆಲೆ ಬಂದಾಗಲೆಲ್ಲ ಕಳ್ಳನೂ ಬರುತ್ತಾನೆ. 2023ರ ಜುಲೈಯಲ್ಲಿ ಟೊಮೆಟೊ ಬೆಲೆ ಆಕಾಶಕ್ಕೇರಿದಾಗ ಹಾಸನ ಜಿಲ್ಲೆಯ ಬೇಲೂರು ತಾಲೂಕಿನಲ್ಲಿ ಹೊಲದಿಂದಲೇ ಲಕ್ಷಾಂತರ ರೂಪಾಯಿಯ ಟೊಮೆಟೊ ಕದ್ದೊಯ್ದರು. ಅದರ ಮರು ತಿಂಗಳು ಮಹಾರಾಷ್ಟ್ರದ ಔರಂಗಾಬಾದಿನ ಬಳಿಯ ರೈತರೊಬ್ಬರು ಸುಮಾರು 22 ಸಾವಿರ ರೂಪಾಯಿ ಖರ್ಚು ಮಾಡಿ ಟೊಮೆಟೊ ಹೊಲಕ್ಕೆ ಕ್ಯಾಮೆರಾ ಹಾಕಿಸಿದ ಸುದ್ದಿ ಬಂತು. ಓದಿದವರು ನಕ್ಕರು. ನಗುವ ವಿಷಯ ಅದಲ್ಲ. ಬ್ಯಾಂಕಿನ ತಿಜೋರಿಗೆ ಇರುವ ಕಾವಲು ಬಯಲ ಬೆಳೆಗೂ ಬೇಕೆಂದು ಒಬ್ಬ ರೈತ ಲೆಕ್ಕ ಹಾಕಿದ, ಅಷ್ಟೆ.

ಈಗ ಪೇಟೆಯ ಅಂಗಡಿಗಳಲ್ಲಿ ಸಿಗುವ ತೋಟದ ಕ್ಯಾಮೆರಾಕ್ಕೆ ತಂತಿಯೇ ಬೇಡ. ಮೇಲೆ ಒಂದು ಸೌರ ಫಲಕ, ಒಳಗೆ ಬ್ಯಾಟರಿ, ಜೊತೆಗೆ ಫೋನಿಗೆ ಹಾಕುವಂಥದೇ ಒಂದು ಸಿಮ್. ಕಂಬಕ್ಕೆ ಬಿಗಿದರೆ ಕೆಲಸ ಮುಗಿಯಿತು. ಇದರಲ್ಲಿ ಒಂದು ಧ್ವನಿಯ ಸೌಕರ್ಯವೂ ಉಂಟು. ಮಾಲಕನು ಎಲ್ಲಿದ್ದರೂ ಫೋನಿನಲ್ಲಿ ಮಾತಾಡಿದರೆ ಕಂಬದಿಂದ ಅವನ ದನಿ ಹೊರಡುತ್ತದೆ. ವಿಜಾಪುರದ ಸಂತೆಯಲ್ಲಿ ನಿಂತವನು ಉಮದಿಯ ತೋಟದಲ್ಲಿ ‘ಯಾವನೋ ಅವ’ ಎಂದು ಗದರಿಸಬಹುದು. ನಮ್ಮ ಹಳ್ಳಿಯ ಕಳ್ಳನಿಗೆ ಭೂತದ ಭಯವಿರುವಲ್ಲಿ ಇದು ಇನ್ನಷ್ಟು ಪರಿಣಾಮಕಾರಿಯಾದೀತು!

ಇನ್ನು ಈ ಯಂತ್ರ ನೋಡುವುದು ಹೇಗೆ ಎಂಬುದನ್ನು ಸ್ವಲ್ಪ ತಿಳಿದುಕೊಳ್ಳಬೇಕು. ಹಳೆಯ ಮಾದರಿಯ ಕ್ಯಾಮೆರಾಕ್ಕೆ ಅರಿವಿಲ್ಲ, ಬರೀ ನೆನಪು. ಎದುರಿಗೆ ಆದದ್ದನ್ನು ಬರೆದಿಡುತ್ತದೆ, ಮರುದಿನ ನಾವು ತಿರುವಿ ನೋಡಬೇಕು. ಕಳ್ಳನ ಬೆನ್ನು ಕಾಣುತ್ತದೆ, ಹಣ್ಣು ಹೋಗಿರುತ್ತದೆ. ಅದಕ್ಕಿಂತ ಸ್ವಲ್ಪ ಮುಂದಿನದು ಚಲನೆಯನ್ನು ಹಿಡಿಯುವ ಕ್ಯಾಮೆರಾ. ಚಿತ್ರವೆಂದರೆ ಲಕ್ಷಾಂತರ ಚುಕ್ಕೆಗಳ ರಂಗೋಲಿ. ಈ ಕ್ಷಣದ ಚುಕ್ಕೆಗೂ ಮುಂದಿನ ಕ್ಷಣದ ಚುಕ್ಕೆಗೂ ವ್ಯತ್ಯಾಸ ಕಂಡರೆ ಅದು ಗಂಟೆ ಬಾರಿಸುತ್ತದೆ. ಬಾಳೆಲೆ ಅಲುಗಿದರೂ ಗಂಟೆ, ನಾಯಿ ಹಾದರೂ ಗಂಟೆ, ಮಳೆಹನಿಗೂ ಗಂಟೆ. ಎಲ್ಲಕ್ಕಿಂತ ದೊಡ್ಡ ಉಪದ್ರವ ಜೇಡನದು. ಕ್ಯಾಮೆರಾದ ರಾತ್ರಿಯ ದೀಪಕ್ಕೆ ಹುಳ ಬರುತ್ತದೆ, ಹುಳ ಹಿಡಿಯಲು ಜೇಡ ಅದರ ಮುಖದ ಮೇಲೆಯೇ ಬಲೆ ಕಟ್ಟುತ್ತದೆ, ರಾತ್ರಿಯಿಡೀ ಮಾಲಕನ ಫೋನು ಕೂಗುತ್ತದೆ. ಮೂರನೆಯ ರಾತ್ರಿ ಮಾಲಕ ಗಂಟೆಯನ್ನೇ ನಿಲ್ಲಿಸಿ ಮಲಗುತ್ತಾನೆ. ನಾಲ್ಕನೆಯ ರಾತ್ರಿ ಕಳ್ಳ ಬರುತ್ತಾನೆ.

ಹೊಸ ಕ್ಯಾಮೆರಾ ಇಲ್ಲಿಯೇ ಭಿನ್ನ. ಅದಕ್ಕೆ ಮನುಷ್ಯನನ್ನೂ ಮೇಕೆಯನ್ನೂ ಬೇರ್ಪಡಿಸಲು ಕಲಿಸಲಾಗಿದೆ. ಕಲಿಸುವುದೆಂದರೆ ನಿಯಮ ಹೇಳಿಕೊಡುವುದಲ್ಲ. ಮಗುವಿಗೆ ‘ನಾಯಿಗೆ ನಾಲ್ಕು ಕಾಲು, ಒಂದು ಬಾಲ’ ಎಂದು ಲಕ್ಷಣ ಹೇಳಿ ನಾವು ಕಲಿಸುವುದಿಲ್ಲ. ಹತ್ತು ನಾಯಿಯನ್ನು ತೋರಿಸುತ್ತೇವೆ, ಹನ್ನೊಂದನೆಯದನ್ನು ಮಗುವೇ ಹೇಳುತ್ತದೆ. ಯಂತ್ರಕ್ಕೆ ಹತ್ತು ಸಾಲದು, ಲಕ್ಷಗಟ್ಟಲೆ ಚಿತ್ರ ಬೇಕು. ಪ್ರತಿ ಚಿತ್ರದಲ್ಲೂ ‘ಇದು ಮನುಷ್ಯ’, ‘ಇದು ವಾಹನ’ ಎಂದು ಯಾರೋ ಗೆರೆ ಎಳೆದು ಗುರುತಿಸಿರಬೇಕು. ಯಂತ್ರ ಊಹಿಸುತ್ತದೆ, ತಪ್ಪುತ್ತದೆ, ತಪ್ಪಿದಷ್ಟು ತನ್ನ ಒಳಗಿನ ಲೆಕ್ಕವನ್ನು ತುಸು ತಿದ್ದಿಕೊಳ್ಳುತ್ತದೆ. ಕೋಟಿ ಸಲ ತಿದ್ದಿದ ಮೇಲೆ ‘ಇದು ಮನುಷ್ಯ ಎಂಬುದಕ್ಕೆ ನೂರಕ್ಕೆ 92ರಷ್ಟು ನಂಬಿಕೆ’ ಎಂದು ಹೇಳುತ್ತದೆ. ಅದು ಎಂದೂ ಖಚಿತವಾಗಿ ಹೇಳುವುದಿಲ್ಲ ಎಂಬುದನ್ನು ಗಮನಿಸಬೇಕು. ಎಷ್ಟು ನಂಬಿಕೆಗೆ ಗಂಟೆ ಬಾರಿಸಬೇಕೆಂದು ತೀರ್ಮಾನಿಸುವವನು ಮನುಷ್ಯನೇ.

ಈ ವಿದ್ಯೆ 2012ರ ಅನಂತರ ದಾಪುಗಾಲು ಹಾಕಿತು. ಒಂದೇ ನೋಟದಲ್ಲಿ ಚಿತ್ರದಲ್ಲಿರುವ ಎಲ್ಲ ವಸ್ತುಗಳನ್ನೂ ಗುರುತಿಸುವ ‘ಯೋಲೋ’ ಎಂಬ ಪದ್ಧತಿಯನ್ನು ಜೋಸೆಫ್ ರೆಡ್ಮನ್ ಎಂಬ ಅಮೆರಿಕದ ತರುಣ ಸಂಗಡಿಗರೊಂದಿಗೆ 2015ರಲ್ಲಿ ಪ್ರಕಟಿಸಿದ. ಇಂದಿನ ಎಷ್ಟೋ ಕಾವಲು ಕ್ಯಾಮೆರಾಗಳ ಹೊಟ್ಟೆಯಲ್ಲಿರುವುದು ಅದರ ಸಂತತಿಯೇ. 2020ರ ಫೆಬ್ರವರಿಯಲ್ಲಿ ಆತ, ತನ್ನ ಕೆಲಸ ಸೇನೆಗೂ ಜನರ ಖಾಸಗಿ ಬದುಕಿನ ಮೇಲಿನ ಕಣ್ಣಿಗೂ ಬಳಕೆಯಾಗುತ್ತಿರುವುದನ್ನು ಸಹಿಸಲಾರೆನೆಂದು ಈ ಸಂಶೋಧನೆಯನ್ನೇ ಬಿಟ್ಟುಬಿಟ್ಟ. ಮಾಡಿದವನೇ ಕೈತೊಳೆದುಕೊಂಡ ವಸ್ತುವನ್ನು ನಾವು ಕಂತಿನ ಮೇಲೆ ಕೊಳ್ಳುತ್ತಿದ್ದೇವೆ.

ಕಣ್ಣಿನ ವಿಚಾರವಾಯಿತು, ಇನ್ನು ದಾರಿಯ ವಿಚಾರ. ತೋಟದಲ್ಲಿ ಕಂಡದ್ದು ಮಾಲಕನ ಅಂಗೈಗೆ ಬರಬೇಕಾದರೆ ಮೊಬೈಲ್ ಟವರ್ ಬೇಕು. ಭಾರತದಲ್ಲಿ 5ಜಿ ಸೇವೆ ಆರಂಭವಾದದ್ದು 2022ರ ಅಕ್ಟೋಬರ್ 1ರಂದು. ಬಿ.ಎಸ್.ಎನ್.ಎಲ್. ತನ್ನ ಸ್ವದೇಶಿ 4ಜಿಯನ್ನು ವಿಧ್ಯುಕ್ತವಾಗಿ ಆರಂಭಿಸಿದ್ದು 2025ರ ಸೆಪ್ಟೆಂಬರಿನಲ್ಲಿ. ಕ್ಯಾಮೆರಾ ಮಾರುವವರು 5ಜಿ ಹೆಸರನ್ನು ಮಂತ್ರದಂತೆ ಜಪಿಸುತ್ತಾರೆ. ಗ್ರಾಹಕನು ಒಂದು ಲೆಕ್ಕವನ್ನು ತಾನೇ ಮಾಡಿ ನೋಡಬೇಕು.

ಸಾಧಾರಣ ಸ್ಪಷ್ಟತೆಯ ಒಂದು ಕ್ಯಾಮೆರಾ ಎಡೆಬಿಡದೆ ಚಿತ್ರ ಕಳುಹಿಸಲು ಸೆಕೆಂಡಿಗೆ ಸುಮಾರು 2 ಮೆಗಾಬಿಟ್ ಬೇಕೆನ್ನೋಣ. ದಿನಕ್ಕೆ 86,400 ಸೆಕೆಂಡು. ಒಟ್ಟು 21 ಜಿಬಿಗೂ ಹೆಚ್ಚು. ನಾವು ಹಾಕಿಸುವ ದಿನಕ್ಕೆ 2 ಜಿಬಿಯ ರೀಚಾರ್ಜು ಎರಡೂಕಾಲು ಗಂಟೆ ತುಂಬುವ ಮೊದಲೇ ತೀರುತ್ತದೆ. ಬೆಳಗ್ಗೆ ಆರಕ್ಕೆ ತೊಡಗಿದರೆ ಕಾಫಿ ತಿಂಡಿ ಮುಗಿಯುವಾಗ ಕಾವಲೂ ಮುಗಿಯಿತು. ಊರಲ್ಲಿ ಇಪ್ಪತ್ತು ತೋಟದವರು ಹೀಗೆ ಮಾಡಿದರೆ ಒಂದೇ ಟವರಿನ ಮೇಲೆ 40 ಮೆಗಾಬಿಟ್ ಹೊರೆ. ನೆಟ್‌ವರ್ಕನ್ನು ಕಟ್ಟಿರುವುದು ನಾವು ಸಿನಿಮಾ ನೋಡಲಿ ಎಂದು, ಅಂದರೆ ಮೇಲಿನಿಂದ ಕೆಳಗೆ ಇಳಿಸಲು. ಕೆಳಗಿನಿಂದ ಮೇಲಕ್ಕೆ ಏರಿಸುವ ದಾರಿ ಯಾವಾಗಲೂ ಇಕ್ಕಟ್ಟು. 5ಜಿ ಈ ಇಕ್ಕಟ್ಟನ್ನು ಸ್ವಲ್ಪ ಅಗಲ ಮಾಡುತ್ತದೆ, ನಿಜ. ಆದರೆ ಹೆಚ್ಚು ಹೊರುವ ಅಲೆಗಳು ಹೆಚ್ಚು ದೂರ ಹೋಗುವುದಿಲ್ಲ. ಪೇಟೆಯಲ್ಲಿ ಮಿಂಚಿನಂತಿದ್ದದ್ದು ಗುಡ್ಡದ ಹಿಂದೆ ಮಂಕಾಗುತ್ತದೆ.

ಆದುದರಿಂದ ಬುದ್ಧಿವಂತ ಪದ್ಧತಿ ಬೇರೆ. ನೋಡುವುದನ್ನೂ ತಿಳಿಯುವುದನ್ನೂ ಕ್ಯಾಮೆರಾದಲ್ಲಿಯೇ ಮುಗಿಸಿ, ಮನುಷ್ಯ ಕಂಡಾಗ ಮಾತ್ರ ಒಂದು ಚಿತ್ರ ಕಳುಹಿಸುವುದು. ಮಧ್ಯಪ್ರದೇಶದ ಕಾನ್ಹಾ–ಪೇಂಚ್ ಕಾಡುದಾರಿಯಲ್ಲಿ ಹುಲಿಗಾಗಿ ಇಟ್ಟ ‘ಟ್ರೇಲ್‌ಗಾರ್ಡ್’ ಎಂಬ ಪುಟ್ಟ ಕ್ಯಾಮೆರಾಗಳು ಹೀಗೆಯೇ ಕೆಲಸ ಮಾಡಿದವು. ಹುಲಿಯೋ ಬೇಟೆಗಾರನೋ ಹಾದರೆ ಒಂದು ನಿಮಿಷದೊಳಗೆ ಅರಣ್ಯಾಧಿಕಾರಿಯ ಫೋನಿಗೆ ಚಿತ್ರ ಬರುತ್ತಿತ್ತು. ಅದಕ್ಕೆ 5ಜಿಯ ಅಗತ್ಯ ಬರಲಿಲ್ಲ, ಸಿಗ್ನಲ್ ಇದ್ದರೆ ಸಾಕಾಗಿತ್ತು. ನಮ್ಮಂಥ ಊರುಗಳಿಗೆ ವೇಗಕ್ಕಿಂತ ವ್ಯಾಪ್ತಿ ಮುಖ್ಯವೆಂದು ನಮ್ಮ ಅಭಿಪ್ರಾಯ. ಕಾರಡ್ಕ, ಮುಳಿಯಾರು, ದೇಲಂಪಾಡಿಗಳಲ್ಲಿ ಕಾಡಾನೆಯಿಂದ ಬಾಳೆ, ಅಡಿಕೆ ಕಳೆದುಕೊಂಡವರು ಇದನ್ನು ಗಮನಿಸಬೇಕು. ಕೊಯಮುತ್ತೂರಿನ ಮದುಕ್ಕರೈಯಲ್ಲಿ ರೈಲಿಗೆ ಸಿಕ್ಕಿ ಆನೆಗಳು ಸಾಯುತ್ತಿದ್ದ ಜಾಗದಲ್ಲಿ 2024ರ ಫೆಬ್ರವರಿಯಿಂದ 12 ಗೋಪುರಗಳ ಮೇಲೆ ಇಂಥ ಕಣ್ಣುಗಳಿವೆ. ಮೈಯ ಬಿಸಿಯನ್ನು ಕಾಣುವ ಕ್ಯಾಮೆರಾವಾದ್ದರಿಂದ ಕತ್ತಲೆಯಲ್ಲೂ ಆನೆ ತೋರುತ್ತದೆ. ಹಳಿಯ ಬಳಿ ಬಂದರೆ ರೈಲಿನವರಿಗೆ ಸೂಚನೆ ಹೋಗುತ್ತದೆ. ಸೌರಬೇಲಿಯನ್ನು ಮರ ಕೆಡವಿ ದಾಟಲು ಕಲಿತ ಆನೆಗೆ ಎದುರಾಗಿ ನಮಗೂ ಹೀಗೊಂದು ಮುನ್ಸೂಚನೆ ಸಿಗುವುದಾದರೆ ಅದು ಬೇಡವೆನ್ನುವವರು ಯಾರು?

ಸೌರ ಫಲಕದ ಬಗೆಗೂ ಒಂದು ಮಾತು. 5 ವ್ಯಾಟಿನ ಕ್ಯಾಮೆರಾ ದಿನಕ್ಕೆ 120 ವ್ಯಾಟ್-ಗಂಟೆ ಕುಡಿಯುತ್ತದೆ. ಜತ್ತದ ಬಿಸಿಲಿಗೆ 40 ವ್ಯಾಟಿನ ಫಲಕ ಅದನ್ನು ತುಂಬಿಕೊಟ್ಟೀತು. ಆಟಿ ತಿಂಗಳ ನಮ್ಮ ಮಳೆಗೆ ಅದೇ ಫಲಕ ಮೂರು ದಿನದಲ್ಲಿ ಕೈಚೆಲ್ಲುತ್ತದೆ. ದೊಡ್ಡ ಬ್ಯಾಟರಿ ಬೇಕು, ಇಲ್ಲವೇ ಮನೆಯ ಕರೆಂಟು ಬೇಕು. ಮಾರುವವನು ಇದನ್ನು ಹೇಳುವುದಿಲ್ಲ.

ತೋಟದಿಂದ ರಸ್ತೆಗೆ ಬರೋಣ. ರಸ್ತೆಯಲ್ಲಿ ಕಾವಲಿಟ್ಟವನು ನಾವಲ್ಲ, ಸರಕಾರ. ಕಾವಲಿಗೆ ಒಳಗಾದವರು ನಾವು.

ಕೇರಳದಲ್ಲಿ ಈ ಅನುಭವವಾಗದ ಮನೆಯೇ ಇಲ್ಲವೆನ್ನಬಹುದು. 2023ರ ಜೂನ್ 5ರಿಂದ ರಾಜ್ಯದ ರಸ್ತೆಗಳಲ್ಲಿ 726 ಕ್ಯಾಮೆರಾಗಳು ದಂಡದ ಕೆಲಸ ಆರಂಭಿಸಿದವು. ಅವುಗಳಲ್ಲಿ 675 ಹೆಲ್ಮೆಟ್, ಸೀಟ್ ಬೆಲ್ಟ್, ಮೊಬೈಲ್ ಮಾತು ಇವನ್ನು ನೋಡುವಂಥವು. 25 ತಪ್ಪು ಜಾಗದಲ್ಲಿ ನಿಲ್ಲಿಸಿದ ವಾಹನಕ್ಕೆ, 18 ಕೆಂಪು ದೀಪ ದಾಟಿದವರಿಗೆ, ಉಳಿದವು ವೇಗಕ್ಕೆ. ಕೆಲ್ಟ್ರಾನಿನ ಮೂಲಕ ನಡೆದ ಈ ಯೋಜನೆಯ ಖರ್ಚಿನ ಬಗೆಗೆ ನಡೆದ ರಾಜಕೀಯ ವಾಗ್ವಾದ ಓದುಗರಿಗೆ ಗೊತ್ತಿದೆ. ಸ್ಕೂಟರಿನಲ್ಲಿ ಗಂಡ, ಹೆಂಡತಿ, ಮಗು ಹೋದರೆ ಮೂವರೆಂದು ದಂಡ ಹಾಕುವುದೇ ಎಂಬ ಗದ್ದಲವೆದ್ದು, 12 ವರ್ಷದೊಳಗಿನ ಮಗುವನ್ನು ಸದ್ಯ ಲೆಕ್ಕಕ್ಕೆ ಹಿಡಿಯುವುದಿಲ್ಲವೆಂದು ಮಂತ್ರಿಗಳು ಹೇಳಬೇಕಾಯಿತು. ಯಂತ್ರಕ್ಕೆ ಮೂರು ತಲೆ ಕಂಡರೆ ಮೂರು. ಅದು ಸಂಸಾರವೆಂದು ತಿಳಿಯಲು ಮನುಷ್ಯರೇ ಬೇಕಾಯಿತು.

ನಂಬರು ಓದುವ ಕ್ಯಾಮೆರಾ ಇನ್ನೊಂದು ಬಗೆ. ಅದು ವಾಹನದ ಫಲಕವನ್ನು ಚಿತ್ರದಲ್ಲಿ ಹುಡುಕಿ, ಒಂದೊಂದು ಅಕ್ಷರವನ್ನು ಬಿಡಿಸಿ ಓದಿ, ದಾಖಲೆಯಲ್ಲಿ ಹುಡುಕುತ್ತದೆ. ಅದಕ್ಕೆ ಬರುವುದು ಇಂಗ್ಲಿಷ್ ಅಕ್ಷರ, ಇಂಗ್ಲಿಷ್ ಅಂಕಿ. ಕಾನೂನೂ ಅದನ್ನೇ ಹೇಳುತ್ತದೆ. ಅಭಿಮಾನದಿಂದ ಕನ್ನಡ ಅಂಕಿ ಬರೆಸಿಕೊಂಡವರು ಯಂತ್ರದ ಕಣ್ಣಿಗೆ ಬೀಳದಿದ್ದರೂ ಪೊಲೀಸರ ಕಣ್ಣಿಗೆ ಬಿದ್ದೇ ಬೀಳುತ್ತಾರೆ! ಫಲಕದ ಮೊದಲ ನಾಲ್ಕು ಅಕ್ಷರ ನೋಡಿದರೆ ಊರು ಗೊತ್ತಾಗುತ್ತದೆ. ಕೆ.ಎಲ್. 14 ಕಾಸರಗೋಡು, ಕೆ.ಎ. 19 ಮಂಗಳೂರು, ಎಂ.ಎಚ್. 10 ಸಾಂಗ್ಲಿ, ಕೆ.ಎ. 28 ವಿಜಾಪುರ. ಜತ್ತದಲ್ಲಿ ಹಾದುಹೋಗುವ ವಿಜಾಪುರ–ಗುಹಾಗರ ಹೆದ್ದಾರಿಯಲ್ಲಿ ಕೊನೆಯ ಎರಡೂ ಬೆರೆತು ಓಡುತ್ತವೆ, ತಲಪಾಡಿಯಲ್ಲಿ ಮೊದಲಿನ ಎರಡು ಬೆರೆತಂತೆ. 2022ರ ಡಿಸೆಂಬರಿನಲ್ಲಿ ಗಡಿ ವಿವಾದ ಭುಗಿಲೆದ್ದಾಗ ಬೆಳಗಾವಿಯ ಹತ್ತಿರ ಮಹಾರಾಷ್ಟ್ರದ ನಂಬರಿನ ವಾಹನಗಳಿಗೆ ಕಲ್ಲು ಬಿತ್ತು, ಆ ಕಡೆ ಕರ್ನಾಟಕದ ಬಸ್ಸುಗಳಿಗೆ ಮಸಿ ಬಿತ್ತು. ಜನರು ಕಣ್ಣಿನಿಂದ ಮಾಡಿದ ಈ ವಿಂಗಡಣೆಯನ್ನು ಯಂತ್ರ ಕ್ಷಣಾರ್ಧದಲ್ಲಿ, ಹಗಲಿರುಳೂ, ದಾಖಲೆ ಸಮೇತ ಮಾಡಬಲ್ಲದು. 2020ರ ಮಾರ್ಚಿನಲ್ಲಿ ತಲಪಾಡಿಯ ದಾರಿ ಮುಚ್ಚಿ, ಮಂಗಳೂರಿನ ಆಸ್ಪತ್ರೆಗೆ ಹೋಗುವ ರೋಗಿಗಳು ಗಡಿಯಲ್ಲಿ ತಡೆಯಲ್ಪಟ್ಟ ದಿನಗಳನ್ನು ಕಂಡ ನಮಗೆ ಇದು ಬರೀ ಯಂತ್ರಶಾಸ್ತ್ರದ ಕುತೂಹಲವಾಗಿ ಉಳಿಯುವುದಿಲ್ಲ.

ಯಂತ್ರ ತಪ್ಪುವುದಿಲ್ಲವೇ? ನೆದರ್ಲೆಂಡ್ಸಿನಲ್ಲಿ 2023ರಲ್ಲಿ ಚಾಲಕನೊಬ್ಬ ತಲೆ ತುರಿಸಿಕೊಂಡದ್ದನ್ನು ಕ್ಯಾಮೆರಾ ‘ಫೋನಿನಲ್ಲಿ ಮಾತು’ ಎಂದು ತಿಳಿದು, ಅವನಿಗೆ 380 ಯೂರೊ ದಂಡ ಬಂತು. ಕೈ ಕಿವಿಯ ಹತ್ತಿರ ಇದ್ದರೆ ಫೋನು ಎಂದು ಅದು ಕಲಿತಿತ್ತು. ಆ ಚಿತ್ರವನ್ನು ನೋಡಿದ ಮನುಷ್ಯ ಅಧಿಕಾರಿಯೂ ಅದನ್ನೇ ಒಪ್ಪಿದ್ದ ಎಂಬುದು ಹೆಚ್ಚು ಯೋಚಿಸಬೇಕಾದ ಸಂಗತಿ. ಯಂತ್ರ ಹೇಳಿದೆಯೆಂದ ಮೇಲೆ ನಮ್ಮ ಕಣ್ಣೂ ಅದರಂತೆಯೇ ಕಾಣತೊಡಗುತ್ತದೆ.

ದಂಡವಾದರೆ ಕಟ್ಟಿ ಮರೆಯಬಹುದು. ಮುಖ ಗುರುತಿಸುವ ಕ್ಯಾಮೆರಾದ ತಪ್ಪು ಹಾಗಲ್ಲ. ಜತ್ತ ತಾಲೂಕಿನ ಗುಡ್ಡಾಪುರದಲ್ಲಿ 12ನೆಯ ಶತಮಾನದ ಶರಣೆ ದಾನಮ್ಮನ ಗುಡಿಯಿದೆ. ಜಾತ್ರೆಗೆ ಕರ್ನಾಟಕದ ಊರೂರುಗಳಿಂದ ಜನ ಕಾಲ್ನಡಿಗೆಯಲ್ಲಿ ಬರುತ್ತಾರೆ. ಅಂಥ ಒಂದು ಜಾತ್ರೆಯಲ್ಲಿ ಒಂದು ಲಕ್ಷ ಜನ ಸೇರಿದರೆಂದೂ, ಅವರಲ್ಲಿ ಪೊಲೀಸರಿಗೆ ಬೇಕಾದ ಒಬ್ಬ ಕಳ್ಳನಿದ್ದಾನೆಂದೂ ಭಾವಿಸೋಣ. ಕ್ಯಾಮೆರಾ ನೂರಕ್ಕೆ 99 ಸಲ ಸರಿ ಎಂದೂ ಇಟ್ಟುಕೊಳ್ಳೋಣ. ಕೇಳಲು ಎಷ್ಟು ಚೆನ್ನಾಗಿದೆ! ಆದರೆ ಉಳಿದ ಒಂದು ಪಾಲಿನಂತೆ ಒಂದು ಸಾವಿರ ನಿರಪರಾಧಿಗಳ ಮೇಲೆ ಅದು ಬೆರಳು ತೋರಿಸುತ್ತದೆ. ಸಾವಿರದ ಒಂದು ಜನರಲ್ಲಿ ಕಳ್ಳ ಯಾರೆಂದು ಕಂಡುಹಿಡಿಯುವ ಕೆಲಸ ಪೊಲೀಸರಿಗೇ ಉಳಿಯಿತು. ಆ ಸಾವಿರದಲ್ಲಿ ಸಿಂದಗಿಯ ಕಡೆಯಿಂದ ನಡೆದು ಬಂದ, ಮರಾಠಿಯ ಒಂದಕ್ಷರ ಬಾರದ ಮುದುಕನೊಬ್ಬ ಇದ್ದರೆ, ಅವನು ತಾನು ಯಾರೆಂದು ಯಾವ ಭಾಷೆಯಲ್ಲಿ ವಿವರಿಸಬೇಕು?

ಯಂತ್ರ ಎಲ್ಲರನ್ನೂ ಒಂದೇ ರೀತಿ ನೋಡುವುದೂ ಇಲ್ಲ. ಜಾಯ್ ಬುವೊಲಾಮ್‌ವಿನಿ ಮತ್ತು ಟಿಮ್ನಿಟ್ ಗೆಬ್ರು ಎಂಬಿಬ್ಬರು ಮಹಿಳೆಯರು 2018ರಲ್ಲಿ ಮುಖ ನೋಡಿ ಗಂಡೋ ಹೆಣ್ಣೋ ಎಂದು ಹೇಳುವ ಯಂತ್ರಗಳನ್ನು ಪರೀಕ್ಷಿಸಿದರು. ಬಿಳಿ ಮೈಬಣ್ಣದ ಗಂಡಸರಲ್ಲಿ ತಪ್ಪು ನೂರಕ್ಕೆ ಒಂದನ್ನೂ ಮುಟ್ಟಲಿಲ್ಲ. ಕಪ್ಪು ಮೈಬಣ್ಣದ ಹೆಂಗಸರಲ್ಲಿ ಅದು 34ನ್ನೂ ದಾಟಿತ್ತು. ಕಲಿಸುವಾಗ ತೋರಿಸಿದ ಚಿತ್ರಗಳಲ್ಲಿ ಯಾರು ಹೆಚ್ಚಾಗಿದ್ದರೋ ಅವರನ್ನೇ ಅದು ಚೆನ್ನಾಗಿ ಬಲ್ಲದು. ನಮ್ಮ ದೇಶದಲ್ಲಿ ದೆಹಲಿ ಪೊಲೀಸರು ನೂರಕ್ಕೆ 80ರಷ್ಟು ಹೋಲಿಕೆ ಬಂದರೆ ಅದನ್ನು ಸರಿಯಾದ ಗುರುತೆಂದು ಹಿಡಿಯುತ್ತಾರೆಂಬುದು 2022ರಲ್ಲಿ ಮಾಹಿತಿ ಹಕ್ಕಿನ ಉತ್ತರದಿಂದ ಹೊರಬಂತು. ಬೆಂಗಳೂರಿನಲ್ಲಿ ನಿರ್ಭಯಾ ನಿಧಿಯ ‘ಸೇಫ್ ಸಿಟಿ’ ಯೋಜನೆಯಡಿ 7 ಸಾವಿರಕ್ಕೂ ಹೆಚ್ಚು ಕ್ಯಾಮೆರಾಗಳು ಬಂದಿವೆ, ಮುಖ ಗುರುತಿಸುವ ಏರ್ಪಾಡೂ ಅದರಲ್ಲಿದೆ. ಒಂಟಿ ಹೆಣ್ಣುಮಗಳು ರಾತ್ರಿ ನಿರ್ಭಯವಾಗಿ ನಡೆಯಲೆಂಬ ಉದ್ದೇಶ ಒಳ್ಳೆಯದೇ. ಆದರೆ 2025ರ ಜೂನ್ 4ರಂದು ಅದೇ ನಗರದ ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ ನೂಕುನುಗ್ಗಲಿನಲ್ಲಿ 11 ಜನ ಸತ್ತರು. ಆ ವರ್ಷ ಜನವರಿಯಲ್ಲಿ ಪ್ರಯಾಗದ ಕುಂಭಮೇಳದಲ್ಲಿ ಜನರನ್ನು ಎಣಿಸುವ ಕ್ಯಾಮೆರಾಗಳನ್ನೇ ಇಟ್ಟಿದ್ದರು, ಅಲ್ಲಿಯೂ ಕಾಲ್ತುಳಿತಕ್ಕೆ ಸಿಕ್ಕಿ 30 ಜನ ಹೋದರೆಂದು ಸರಕಾರವೇ ಹೇಳಿತು. ಕಣ್ಣು ಕಂಡರೆ ಸಾಲದು, ಕಂಡ ಮೇಲೆ ಗೇಟು ತೆರೆಯುವ, ದಾರಿ ತಿರುಗಿಸುವ ಕೈ ಬೇಕು. ಆ ಕೈ ಇಂದಿಗೂ ಪೊಲೀಸರದೇ.

ಮನೆಯ ಕ್ಯಾಮೆರಾದಿಂದ ಮನೆಗೇ ಅಪಾಯ ಬರಬಹುದು ಎಂಬುದನ್ನು ನಮ್ಮ ಮನೆಗಳಲ್ಲಿ ಯಾರೂ ಯೋಚಿಸಿದಂತಿಲ್ಲ. 2025ರಲ್ಲಿ ಗುಜರಾತಿನ ರಾಜಕೋಟೆಯ ಒಂದು ಹೆರಿಗೆ ಆಸ್ಪತ್ರೆಯ ಕ್ಯಾಮೆರಾಕ್ಕೆ ಕಿಡಿಗೇಡಿಗಳು ಹೊರಗಿನಿಂದ ನುಗ್ಗಿ, ಹೆಣ್ಣುಮಕ್ಕಳ ತಪಾಸಣೆಯ ದೃಶ್ಯಗಳನ್ನು ಕದ್ದು ಮಾರಿದ ಹೇಯ ಸಂಗತಿ ಬಯಲಾಯಿತು. ಬೇಲಿಯೇ ಎದ್ದು ಹೊಲ ಮೇಯುವುದೆಂದರೆ ಇದೇ. ಕ್ಯಾಮೆರಾ ತಂದಾಗ ಅದರ ಜೊತೆ ಬರುವ ಗುಪ್ತಪದ ಸಾಮಾನ್ಯವಾಗಿ ‘ಅಡ್ಮಿನ್’ ಮತ್ತು ನಾಲ್ಕೈದು ಅಂಕಿ. ಅದನ್ನು ಬದಲಿಸದೆ ಬಿಟ್ಟರೆ ಬಾಗಿಲಿಗೆ ಬೀಗ ಹಾಕಿ ಕೀಲಿಕೈಯನ್ನು ಅಲ್ಲೇ ನೇತುಹಾಕಿದಂತೆ. 2025ರ ಏಪ್ರಿಲಿನಿಂದ ಕೇಂದ್ರ ಸರಕಾರ ಕ್ಯಾಮೆರಾಗಳಿಗೆ ಭದ್ರತಾ ಪರೀಕ್ಷೆಯನ್ನು ಕಡ್ಡಾಯಗೊಳಿಸಿತು. ಪರೀಕ್ಷೆಯಲ್ಲಿ ಉತ್ತೀರ್ಣವಾದ ಕ್ಯಾಮೆರಾಕ್ಕೂ ಗುಪ್ತಪದ ಬದಲಿಸಬೇಕಾದವರು ನಾವೇ. ಕ್ಯಾಮೆರಾವನ್ನು ಅಂಗಳಕ್ಕೆ ಮುಖ ಮಾಡಿ ಇಡಬೇಕೇ ಹೊರತು ನೆರೆಮನೆಯ ಬಾವಿಕಟ್ಟೆಗೆ ಅಲ್ಲ. ಇದು ಕಾನೂನಿಗಿಂತ ಮೊದಲು ಮರ್ಯಾದೆಯ ಮಾತು.

ಕಾನೂನಿನ ಮಾತೂ ಇದೆ. ಖಾಸಗಿ ಬದುಕು ಮೂಲಭೂತ ಹಕ್ಕೆಂದು ಸುಪ್ರೀಂ ಕೋರ್ಟಿನ 9 ನ್ಯಾಯಾಧೀಶರ ಪೀಠ 2017ರ ಆಗಸ್ಟ್ 24ರಂದು ಒಮ್ಮತದಿಂದ ಹೇಳಿತು. ಆ ದಾವೆ ಹೂಡಿದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು. ಇಳಿವಯಸ್ಸಿನಲ್ಲಿ ಈ ಹೋರಾಟ ಕೈಗೊಂಡು ಗೆದ್ದ ಅವರು 2024ರ ಅಕ್ಟೋಬರಿನಲ್ಲಿ ತೀರಿಕೊಂಡರು. ಕನ್ನಡನಾಡು ಅವರನ್ನು ಇನ್ನೂ ಸರಿಯಾಗಿ ನೆನೆದಿಲ್ಲ. ಇದರ ಬೆನ್ನಿಗೆ 2023ರಲ್ಲಿ ವೈಯಕ್ತಿಕ ದತ್ತಾಂಶ ರಕ್ಷಣೆಯ ಕಾಯಿದೆ ಬಂತು, 2025ರ ನವೆಂಬರಿನಲ್ಲಿ ಅದರ ನಿಯಮಗಳು ಪ್ರಕಟವಾದವು. ಆದರೆ ಸರಕಾರ ತನಗೆ ತಾನೇ ವಿನಾಯಿತಿ ಕೊಟ್ಟುಕೊಳ್ಳುವ ಅವಕಾಶವನ್ನೂ ಅದರಲ್ಲಿಯೇ ಇರಿಸಿಕೊಂಡಿದೆ. ಕ್ಯಾಮೆರಾದ ಮುಖ ಒಮ್ಮೊಮ್ಮೆ ಆ ಕಡೆಗೂ ತಿರುಗುತ್ತದೆ ಎನ್ನುವುದಕ್ಕೆ ಇನ್ನೊಂದು ತೀರ್ಪು ಸಾಕ್ಷಿ. 2020ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು ದೇಶದ ಎಲ್ಲ ಪೊಲೀಸ್ ಠಾಣೆಗಳಲ್ಲಿಯೂ ಕ್ಯಾಮೆರಾ ಇರಬೇಕು, ಅದರ ದೃಶ್ಯ ಧ್ವನಿಗಳನ್ನು 18 ತಿಂಗಳು ಕಾದಿಡಬೇಕೆಂದು ಆಜ್ಞಾಪಿಸಿತು.

ಗಡಿಯೂರಿನವರಿಗೆ ಇನ್ನೊಂದು ತೊಡಕು ಟವರಿನದು. ತಲಪಾಡಿ, ಮಂಜೇಶ್ವರದ ಕಡೆ ನಾವು ಕೇರಳದ ನೆಲದಲ್ಲಿ ನಿಂತಿದ್ದರೂ ಫೋನು ಕರ್ನಾಟಕದ ಟವರನ್ನು ಹಿಡಿದುಕೊಳ್ಳುವುದುಂಟು. ಜತ್ತದ ಪೂರ್ವದ ಹಳ್ಳಿಗಳಲ್ಲೂ ಗಡಿಯಾಚೆಯ ಟವರು ಹತ್ತಿರವಿದ್ದರೆ ಇದೇ ಕಥೆ. ಟವರಿಗೆ ರಾಜ್ಯ ಪುನರ್ವಿಂಗಡಣೆ ಗೊತ್ತಿಲ್ಲ. ಹಾಗಿರುವಾಗ ತೊಂದರೆಯಲ್ಲಿ 112 ಒತ್ತಿದರೆ ಕರೆ ಯಾವ ರಾಜ್ಯದ ಪೊಲೀಸರಿಗೆ ಹೋದೀತೆಂಬ ಭರವಸೆ ಇಲ್ಲ. ಯಂತ್ರ ಅರ್ಧ ನಿಮಿಷದಲ್ಲಿ ಕಳ್ಳನನ್ನು ತೋರಿಸಿ, ಠಾಣೆಯವರು ‘ಇದು ನಮ್ಮ ಹದ್ದಲ್ಲ’ ಎಂದು ಅರ್ಧ ಗಂಟೆ ಕಳೆದರೆ ವೇಗದ ನೆಟ್‌ವರ್ಕಿನಿಂದ ಏನು ಬಂತು? ಪಂಚಾಯತು ಕ್ಯಾಮೆರಾ ಹಾಕುವ ಮೊದಲು ಎರಡೂ ಕಡೆಯ ಠಾಣೆಗಳ ನೇರ ಫೋನ್ ನಂಬರನ್ನು ಗೋಡೆಗೆ ಬರೆಸುವುದು ಹೆಚ್ಚು ಉಪಕಾರದ ಕೆಲಸ.

ಕೊನೆಗೆ ನೋಟಿಸಿನ ಭಾಷೆ. ಯಂತ್ರ ತೆಗೆದ ಚಿತ್ರದ ಮೇಲೆ ದಂಡ ಹಾಕುವುದಾದರೆ, ಸ್ಪಷ್ಟವಾದ ಚಿತ್ರ, ದಿನಾಂಕ, ಸಮಯ, ಸ್ಥಳ, ಮುರಿದ ನಿಯಮ ಇವಿಷ್ಟೂ ಅದರಲ್ಲಿರಬೇಕು, ನೋಟಿಸನ್ನು 15 ದಿನದೊಳಗೆ ಕಳುಹಿಸಬೇಕು, ಕ್ಯಾಮೆರಾ ಇರುವ ಜಾಗದಲ್ಲಿ ಎಚ್ಚರಿಕೆಯ ಫಲಕ ಇರಬೇಕೆಂದು ಕೇಂದ್ರ ಸಾರಿಗೆ ಇಲಾಖೆ 2021ರ ಆಗಸ್ಟಿನಲ್ಲಿ ನಿಯಮ ಮಾಡಿತು. ಚಿತ್ರದಲ್ಲಿರುವುದು ನಮ್ಮ ವಾಹನವೇ ಅಲ್ಲವಾದರೆ ಆಕ್ಷೇಪಣೆ ಸಲ್ಲಿಸಬಹುದು. ಆದರೆ ಬಂದ ಕಾಗದವನ್ನು ಓದಲಾರದವರು ಆಕ್ಷೇಪಣೆ ಸಲ್ಲಿಸುವುದೆಂತು? ಮೊಮ್ಮಗ ಶಾಲೆಯಿಂದ ಬರುವ ತನಕ ಕಾಯುತ್ತಾರೆ, ಇಲ್ಲವೇ ಸುಮ್ಮನೆ ದಂಡ ಕಟ್ಟುತ್ತಾರೆ. ಎಷ್ಟೋ ಮನೆಗಳಲ್ಲಿ ಆಗುವುದು ಎರಡನೆಯದೇ.

ಸಂವಿಧಾನದ 350ನೆಯ ವಿಧಿಯಂತೆ ಯಾವುದೇ ಕುಂದುಕೊರತೆಯ ಅಹವಾಲನ್ನು ಕೇಂದ್ರದ ಅಥವಾ ರಾಜ್ಯದ ಯಾವ ಅಧಿಕಾರಿಗಾದರೂ, ಅಲ್ಲಿ ಬಳಕೆಯಲ್ಲಿರುವ ಯಾವ ಭಾಷೆಯಲ್ಲಾದರೂ ಕೊಡುವ ಹಕ್ಕು ಪ್ರತಿಯೊಬ್ಬನಿಗೂ ಇದೆ. ಜತ್ತದ ಕನ್ನಡಿಗನಿಗೂ ಇದು ಅನ್ವಯಿಸುತ್ತದೆ. ಕೇರಳದಲ್ಲಿ ನಮಗೆ ಇನ್ನೂ ಒಂದು ಹೆಜ್ಜೆ ಹೆಚ್ಚಿನ ಆಧಾರ ದೊರೆತಿತ್ತು. 1969ರ ಅಧಿಕೃತ ಭಾಷೆಗಳ ಕಾಯಿದೆಗೆ ತಂದ ತಿದ್ದುಪಡಿ, ಕನ್ನಡ ಮತ್ತು ತಮಿಳು ಅಲ್ಪಸಂಖ್ಯಾತರು ತಮ್ಮ ಭಾಷೆಯಲ್ಲಿ ಸರಕಾರಿ ಕಚೇರಿಗಳೊಂದಿಗೆ ಪತ್ರವ್ಯವಹಾರ ನಡೆಸಿ, ಉತ್ತರವನ್ನೂ ಅದೇ ಭಾಷೆಯಲ್ಲಿ ಪಡೆಯುವ ಅವಕಾಶ ಕೊಟ್ಟಿತು. ಕ್ಯಾಮೆರಾದ ದಂಡದ ಮೇಲಿನ ಆಕ್ಷೇಪಣೆಯನ್ನು ಕನ್ನಡದಲ್ಲಿ ಬರೆದು, ವಾಹನದ ನಂಬರು, ನೋಟಿಸಿನ ಸಂಖ್ಯೆ, ದಿನಾಂಕ ಸ್ಪಷ್ಟವಾಗಿ ನಮೂದಿಸಿ, ಮೋಟಾರು ವಾಹನ ಇಲಾಖೆಯ ಕಚೇರಿಯಲ್ಲಿ ಕೊಟ್ಟು, ಪ್ರತಿಯ ಮೇಲೆ ಸ್ವೀಕೃತಿಯ ಮುದ್ರೆ ಹಾಕಿಸಿಕೊಳ್ಳಬೇಕು. ಗುಮಾಸ್ತರು ಮಲಯಾಳದಲ್ಲಿ ಬರೆದು ತನ್ನಿ ಎಂದರೆ, ಹಾಗೆಂದು ಬರೆದು ಕೊಡಿ ಎಂದು ಕೇಳಬಹುದು.